ಜಾರಿದುದನ್ನು ನಿಲ್ಲಿಸುವ ವಿದ್ಯೆ

ಮಂಡಿನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇವನ್ನೆಲ್ಲ ನೆರೆಹೊರೆಯವರ ಎದುರಿನಲ್ಲಿಯೇ ಸವಿಸ್ತಾರವಾಗಿ ಹೇಳಿಕೊಳ್ಳಬಲ್ಲ ನಮ್ಮ ಹೆಂಗಸರು ಒಂದು ಬಗೆಯ ವ್ಯಥೆಯನ್ನು ಮಾತ್ರ ಗಂಡನಿಗೂ ಹೇಳದೆ, ಹೆತ್ತ ಮಗಳಿಗೂ ತಿಳಿಸದೆ, ಹತ್ತು ಹದಿನೈದು ವರ್ಷಗಳ ಕಾಲ ಒಳಗೊಳಗೇ ಇರಿಸಿಕೊಂಡು ಬಾಳುತ್ತಾರೆ. ಕೆಮ್ಮಿದರೆ, ಸೀನಿದರೆ, ತುಂಬಿದ ಕೊಡವನ್ನು ಸೊಂಟಕ್ಕೇರಿಸಿದರೆ ಒಂದಿಷ್ಟು ಮೂತ್ರ ತಾನಾಗಿ ಹರಿದುಬಿಡುವುದು. ಸಂಜೆಯಾಗುತ್ತಲೇ ಕೆಳಗೆ ಏನೋ ಜಗ್ಗಿದಂತೆ, ಭಾರವಾದುದೊಂದು ಇಳಿದುಬಂದಂತೆ ಆಗುವುದು. ಕಡೆಗೆ ಒಂದು ದಿನ ಸ್ನಾನ ಮಾಡುವಾಗ ಗರ್ಭಕೋಶದ ಬಾಯಿಯೇ ಕೈಗೆ ತಗಲುವುದು. ಇಷ್ಟಾದರೂ ವೈದ್ಯರ ಮುಂದೆ ಕುಳಿತಾಗ ಅವರು ಹೇಳುವುದು ಬೆನ್ನುನೋವನ್ನು. ಎದ್ದು ಬಾಗಿಲವರೆಗೆ ಹೋಗಿ, ಔಷಧದ ಚೀಟಿಯನ್ನು ಮಡಿಸುವ ನೆವದಲ್ಲಿ ಒಂದು ಗಳಿಗೆ ನಿಂತು, ದನಿ ತಗ್ಗಿಸಿ ಹೇಳುವುದು ಈ ಮಾತನ್ನು. ಎಷ್ಟೋ ಮಂದಿ ಅಷ್ಟನ್ನೂ ಹೇಳದೆ ಹೊರಟುಹೋಗುತ್ತಾರೆ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಎರಡು ಹಳ್ಳಿಗಳಲ್ಲಿ 650 ಹೆಂಗಸರನ್ನು ಪರೀಕ್ಷಿಸಿ ರಾಣಿ ಬಂಗ್ ಮತ್ತು ಅಭಯ್ ಬಂಗ್ ದಂಪತಿಗಳು 1989ರಲ್ಲಿ ಪ್ರಕಟಿಸಿದ ವರದಿಯಂತೆ ಅವರಲ್ಲಿ ಶೇಕಡಾ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿದ್ದಿತು. ಅದಕ್ಕೆ ಹಿಂದೆ ಎಂದಾದರೂ ಅಂಥ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ ಎಂಟೇ ಮಂದಿ.

ಇಂಥ ವ್ಯಾಧಿಗಳಿಗೆಂದೇ, ಅಂದರೆ ಜಾರಿದ ಗರ್ಭಕೋಶ, ಸಡಿಲಿದ ಮೂತ್ರಕೋಶ, ಹೆರಿಗೆಯಲ್ಲಿ ಹರಿದ ಗುದದ್ವಾರದ ಸ್ನಾಯು, ಮೂತ್ರಕೋಶಕ್ಕೂ ಯೋನಿಗೂ ನಡುವೆ ಬಿದ್ದ ರಂಧ್ರ ಇವುಗಳ ಚಿಕಿತ್ಸೆಗೆಂದೇ, ವೈದ್ಯಶಾಸ್ತ್ರದಲ್ಲಿ ಈಚೆಗೆ ಒಂದು ಪ್ರತ್ಯೇಕ ಶಾಖೆ ಬೆಳೆದಿದೆ. ಅದಕ್ಕೆ ಯೂರೋಗೈನಕಾಲಜಿ ಎಂದು ಹೆಸರು. ಪ್ರಸೂತಿ ಹಾಗೂ ಸ್ತ್ರೀರೋಗ ಶಾಸ್ತ್ರವನ್ನು ಪೂರ್ಣವಾಗಿ ಕಲಿತು, ನೂರಾರು ಹೆರಿಗೆಗಳನ್ನು ಮಾಡಿಸಿ, ಗರ್ಭಕೋಶ ತೆಗೆಯುವ ಶಸ್ತ್ರಕ್ರಿಯೆಯಲ್ಲಿ ಕೈ ಪಳಗಿದ ವೈದ್ಯರು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಈ ಒಂದು ವಿದ್ಯೆಗಾಗಿ ಮತ್ತೆ ಮೂರು ವರ್ಷ ಶಿಷ್ಯವೃತ್ತಿ ಮಾಡುತ್ತಾರೆ. ಅದನ್ನು ಫೆಲೋಷಿಪ್ ಎನ್ನುತ್ತಾರೆ. ಅಷ್ಟು ಕಲಿತವರಿಗೆ ಇನ್ನೂ ಮೂರು ವರ್ಷ ಕಲಿಯುವುದು ಏನಿದ್ದೀತು ಎಂಬ ಪ್ರಶ್ನೆ ಸಹಜವಾದುದು. ಹಾಳಾದ ಅಂಗವನ್ನು ತೆಗೆದುಹಾಕುವುದು ಒಂದು ವಿದ್ಯೆ. ಜಾರಿದ ಅಂಗವನ್ನು ಮತ್ತೆ ಅದರ ಸ್ಥಾನದಲ್ಲಿ ನಿಲ್ಲಿಸಿ, ಅದು ತನ್ನ ಕೆಲಸವನ್ನು ಮಾಡಿಕೊಂಡು ಹತ್ತಾರು ವರ್ಷ ಅಲ್ಲಿಯೇ ಇರುವಂತೆ ನೋಡಿಕೊಳ್ಳುವುದು ಬೇರೆಯೇ ಆದ ವಿದ್ಯೆ. ಎರಡನೆಯದು ಮೊದಲನೆಯದಕ್ಕಿಂತ ಎಷ್ಟು ಕಷ್ಟತರವಾದುದೆಂಬುದು ಲೋಕಕ್ಕೆ ಅರ್ಥವಾದುದು ತೀರ ತಡವಾಗಿ.

ಶರೀರದ ರಚನೆಯನ್ನು ಸ್ವಲ್ಪ ನೋಡಿದರೆ ಈ ಕಷ್ಟ ಸ್ಪಷ್ಟವಾಗುತ್ತದೆ. ಹೆಣ್ಣಿನ ಕಿಬ್ಬೊಟ್ಟೆಯ ಮೂಳೆಗಳ ಬಳಸಿನೊಳಗೆ ಮುಂದೆ ಮೂತ್ರಕೋಶ, ನಡುವೆ ಗರ್ಭಕೋಶ ಮತ್ತು ಯೋನಿ, ಹಿಂದೆ ಮಲಾಶಯ ಹೀಗೆ ಮೂರು ಅಂಗಗಳು ಒಂದರ ಗೋಡೆಗೊಂದು ತಗಲಿಕೊಂಡು ಇವೆ. ಇವುಗಳ ಕೆಳಗೆ ಮೂಳೆಯ ತಳವಿಲ್ಲ. ನೆಟ್ಟಗೆ ನಿಂತು ನಡೆಯುವ ಪ್ರಾಣಿಯಾದ ಮನುಷ್ಯನಲ್ಲಿ ಹೊಟ್ಟೆಯ ಭಾರವನ್ನೆಲ್ಲ ಅಲ್ಲಿ ತಾಳಿಕೊಳ್ಳುವುದು ಮಾಂಸದ ಒಂದು ಹರವು ಮಾತ್ರ. ಈ ಸ್ನಾಯುಗಳ ಹರವೂ ಮೇಲಿನಿಂದ ಗರ್ಭಕೋಶವನ್ನು ಹಿಡಿದಿರುವ ಬಂಧನಿಗಳೂ ಕೂಡಿ ಮಾಡುವ ಕೆಲಸವನ್ನು ತಿಳಿಸಲು ಈ ಶಾಖೆಯ ಅಧ್ಯಾಪಕರು ದಡಕ್ಕೆ ಕಟ್ಟಿದ ದೋಣಿಯ ದೃಷ್ಟಾಂತವನ್ನು ಕೊಡುವುದುಂಟು: ಗರ್ಭಕೋಶ ದೋಣಿ, ಬಂಧನಿಗಳು ಅದನ್ನು ಕಟ್ಟಿದ ಹಗ್ಗ, ಕೆಳಗಿನ ಸ್ನಾಯುಗಳು ನೀರು. ನೀರು ತುಂಬಿರುವವರೆಗೆ ಹಗ್ಗಕ್ಕೆ ಆಯಾಸವಿಲ್ಲ. ನೀರು ಇಳಿದುಹೋಯಿತೆಂದರೆ ದೋಣಿಯ ಭಾರವೆಲ್ಲ ಹಗ್ಗದ ಮೇಲೆ ಬಿದ್ದು, ಅದು ಇಂದಲ್ಲದಿದ್ದರೆ ನಾಳೆ ಹರಿಯಲೇಬೇಕು. ಹರಿದ ಮೇಲೆ ಹೊಸ ಹಗ್ಗ ಕಟ್ಟುವವನು ನೀರು ಎಷ್ಟಿದೆಯೆಂಬುದನ್ನು ನೋಡದೆ ಕಟ್ಟಿದರೆ ಆ ಹಗ್ಗಕ್ಕೂ ಅದೇ ಗತಿ. ಮಿಷಿಗನ್ ವಿಶ್ವವಿದ್ಯಾಲಯದ ಜಾನ್ ಡಿಲ್ಯಾನ್ಸಿ ಎಂಬ ವೈದ್ಯರು ಶವಗಳನ್ನು ತಾಳ್ಮೆಯಿಂದ ಛೇದಿಸಿ ನೋಡಿ, ಯೋನಿಗೆ ಇರುವ ಆಧಾರವು ಮೇಲೆ, ನಡುವೆ, ಕೆಳಗೆ ಎಂದು ಮೂರು ಸ್ತರಗಳಲ್ಲಿ ಬೇರೆಬೇರೆಯಾಗಿದೆಯೆಂದೂ ಯಾವ ಸ್ತರ ಸಡಿಲಿದರೆ ಯಾವ ಅಂಗ ಜಾರುವುದೆಂದೂ 1992ರಲ್ಲಿ ತೋರಿಸಿಕೊಟ್ಟರು. ಇಂದಿಗೂ ಈ ಶಾಖೆಯ ವಿದ್ಯಾರ್ಥಿಗಳ ಮೊದಲ ಪಾಠಗಳಲ್ಲೊಂದು ಅದು.

ನೀರು ಇಳಿಯುವುದು ಬಹುಮಟ್ಟಿಗೆ ಹೆರಿಗೆಯಲ್ಲಿ. ಮಗುವಿನ ತಲೆ ಹೊರಬರುವಾಗ ಈ ಸ್ನಾಯುಗಳು ತಮ್ಮ ಸಹಜವಾದ ಉದ್ದದ ಹಲವು ಪಟ್ಟು ಹಿಗ್ಗಬೇಕಾಗುತ್ತದೆ. ಕೆಲವೊಮ್ಮೆ ಮೂಳೆಯಿಂದ ಕಿತ್ತುಬರುತ್ತವೆ, ಕೆಲವೊಮ್ಮೆ ಅವುಗಳಿಗೆ ಹೋಗುವ ನರ ನಲುಗುತ್ತದೆ. ಹೊರಗೆ ಯಾವ ಗಾಯವೂ ಕಾಣದೆ ಒಳಗೆ ಹರಿದಿರುವುದೂ ಉಂಟು. ಲಂಡನ್ನಿನಲ್ಲಿ ಅಬ್ದುಲ್ ಸುಲ್ತಾನ್ ಮತ್ತು ಅವರ ಸಂಗಡಿಗರು ಚೊಚ್ಚಲ ಹೆರಿಗೆಯಾದ ಹೆಂಗಸರನ್ನು ಅಲ್ಟ್ರಾಸೌಂಡಿನಿಂದ ಪರೀಕ್ಷಿಸಿ ನೋಡಿದಾಗ ಅವರಲ್ಲಿ ಶೇಕಡಾ 35 ಮಂದಿಗೆ ಗುದದ್ವಾರದ ಸ್ನಾಯುವಿನಲ್ಲಿ ಬಿರುಕು ಕಂಡಿತೆಂದು 1993ರಲ್ಲಿ ಪ್ರಕಟವಾಯಿತು. ಬಹುಪಾಲು ಹೆಂಗಸರಿಗೆ ಅದರ ಅರಿವೇ ಇರಲಿಲ್ಲ. ಹೆರಿಗೆಯ ಗಾಯದ ಮೇಲೆ ಮುಟ್ಟು ನಿಂತ ನಂತರದ ಸಡಿಲು, ಹಳೆಯ ಕೆಮ್ಮು, ಮಲಬದ್ಧತೆ, ಬಾಣಂತನ ಮುಗಿಯುವ ಮೊದಲೇ ಹೊರಬೇಕಾಗಿ ಬಂದ ಹೊರೆ ಇವೆಲ್ಲ ಸೇರುತ್ತವೆ. ಬಾಣಂತಿಯನ್ನು ತಿಂಗಳೆರಡು ತಿಂಗಳು ಕೆಲಸಕ್ಕೆ ಹಚ್ಚಬಾರದೆಂಬ ನಮ್ಮ ಹಿರಿಯರ ಕಟ್ಟಳೆಯಲ್ಲಿ ಮೂಢತನವೂ ಬೇಕಾದಷ್ಟು ಸೇರಿಕೊಂಡಿದ್ದಿತು, ನಿಜ. ಆದರೆ ಕೂಲಿಯ ಮನೆಯ ಹೆಣ್ಣುಮಗಳಿಗೆ ಆ ಕಟ್ಟಳೆಯ ನೆರಳಾದರೂ ಎಂದು ದೊರೆತಿದ್ದಿತು ಎಂದು ಕೇಳಬೇಕಾಗುತ್ತದೆ. ಅಮೆರಿಕದ ಆರೆಗನ್ ಪ್ರಾಂತದಲ್ಲಿ ನಡೆದ, 1997ರಲ್ಲಿ ಪ್ರಕಟವಾದ ಒಂದು ಗಣನೆಯಂತೆ ಅಲ್ಲಿಯ ಹೆಂಗಸೊಬ್ಬಳು ಎಂಬತ್ತು ವರ್ಷ ಮುಟ್ಟುವುದರೊಳಗೆ ಅಂಗ ಜಾರಿದುದಕ್ಕೋ ಮೂತ್ರದ ಸೋರಿಕೆಗೋ ಶಸ್ತ್ರಕ್ರಿಯೆಗೆ ಒಳಗಾಗುವ ಸಂಭವ ಶೇಕಡಾ 11. ಇದಕ್ಕಿಂತ ಯೋಚನೆಗೆ ಹಚ್ಚುವ ಅಂಕಿ ಮತ್ತೊಂದು: ಆ ಶಸ್ತ್ರಕ್ರಿಯೆಗಳಲ್ಲಿ ಶೇಕಡಾ 29ರಷ್ಟು ಹಿಂದೆ ಒಮ್ಮೆ ಮಾಡಿ ಕೆಟ್ಟುದನ್ನೇ ಮತ್ತೆ ಮಾಡಿದವುಗಳಾಗಿದ್ದುವು.

ಈ ಕೆಡುವಿಕೆಗೆ ಒಂದು ಕಾರಣ ವೈದ್ಯರೇ ಮಾಡಿಕೊಂಡ ವಿಭಾಗ. ಮೂತ್ರಕೋಶ ಯೂರಾಲಜಿಯವರದು, ಗರ್ಭಕೋಶ ಸ್ತ್ರೀರೋಗ ತಜ್ಞರದು, ಮಲಾಶಯ ಸರ್ಜನ್ನರದು ಎಂದು ಒಂದೇ ಕುಹರವನ್ನು ಮೂವರು ಹಂಚಿಕೊಂಡರು. ಮೂರನ್ನೂ ಹೊತ್ತ ಸ್ನಾಯುಗಳಿಗೆ ಮಾತ್ರ ವಾರಸುದಾರರಿರಲಿಲ್ಲ. ಗರ್ಭಕೋಶ ಜಾರಿದೆಯೆಂದು ಬಂದವಳಿಗೆ ಗರ್ಭಕೋಶವನ್ನೇ ತೆಗೆದು ಕಳುಹಿಸುವುದು ಸುಲಭವಾದ ಪರಿಹಾರವೆನಿಸಿತು; ನಮ್ಮಲ್ಲಿ ಇಂದಿಗೂ ಅನೇಕ ಕಡೆ ಹಾಗೆಯೇ ನಡೆಯುತ್ತದೆ. ಆದರೆ ಜಾರಿದುದರಲ್ಲಿ ಗರ್ಭಕೋಶದ ಅಪರಾಧವೇನೂ ಇರಲಿಲ್ಲ, ಅಪರಾಧ ಆಧಾರದ್ದು. ಆಧಾರವನ್ನು ಸರಿಪಡಿಸದೆ ಅಂಗವನ್ನು ಮಾತ್ರ ತೆಗೆದರೆ ಕೆಲವು ವರ್ಷಗಳ ಮೇಲೆ ಯೋನಿಯ ಮೇಲ್ತುದಿಯೇ ಒಳಮಗುಚಿ ಕೆಳಗಿಳಿಯುತ್ತದೆ, ಅದರ ಹಿಂದೆ ಮೂತ್ರಕೋಶವೋ ಕರುಳೋ ಇಳಿಯುತ್ತದೆ. ಗರ್ಭಕೋಶವಿಲ್ಲದ ಮೇಲೂ ಏನು ಜಾರುತ್ತಿದೆಯೆಂದು ಕಂಗೆಟ್ಟು ಬರುವ ಹೆಂಗಸರು ಈ ಶಾಖೆಯ ಹೊರರೋಗಿ ವಿಭಾಗಗಳಲ್ಲಿ ನಿತ್ಯವೂ ಕಾಣಸಿಗುತ್ತಾರೆ.

ವ್ಯಾಧಿ ಹೊಸದೇನೂ ಅಲ್ಲ. ಈಜಿಪ್ಟಿನ ಪಪೈರಸ್ ಲೇಖನಗಳಲ್ಲಿಯೇ ಗರ್ಭಕೋಶ ಜಾರುವಿಕೆಯ ಪ್ರಸ್ತಾಪವಿದೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಅಲ್ಲಿಯ ಅರಮನೆಯಲ್ಲಿದ್ದ ಹೆನ್‌ಹೆನಿತ್ ಎಂಬ ಸ್ತ್ರೀಯ ಮಮ್ಮಿಯಲ್ಲಿ ಮೂತ್ರಕೋಶಕ್ಕೂ ಯೋನಿಗೂ ನಡುವಿನ ರಂಧ್ರ ಕಂಡುಬಂದಿದೆ. ರಾಜವೈಭೋಗದ ನಡುವೆಯೂ ಆಕೆ ಹೆರಿಗೆಯ ಆ ಗಾಯವನ್ನು ಹೊತ್ತಿದ್ದಳು. ಪ್ರಾಚೀನ ಗ್ರೀಕರು ಅರ್ಧ ದಾಳಿಂಬೆಯನ್ನು ಯೋನಿಯಲ್ಲಿರಿಸಿ ಜಾರಿದುದನ್ನು ತಡೆಯುತ್ತಿದ್ದರಂತೆ. ಅದಕ್ಕೂ ಬಗ್ಗದಿದ್ದರೆ ಹೆಂಗಸನ್ನು ಏಣಿಗೆ ತಲೆಕೆಳಗಾಗಿ ಕಟ್ಟಿ ಕುಲುಕುತ್ತಿದ್ದರು. ದಾಳಿಂಬೆಯ ಉಪಾಯ ಹಾಸ್ಯಾಸ್ಪದವೆನಿಸಿದರೂ ಅದರ ವಂಶ ಅಳಿದಿಲ್ಲ: ಇಂದು ಸಿಲಿಕೋನಿನಿಂದ ಮಾಡಿದ ಬಳೆಯಾಕಾರದ ಪೆಸರಿಯನ್ನು ಯೋನಿಯಲ್ಲಿ ಕೂರಿಸಿ, ಶಸ್ತ್ರಕ್ರಿಯೆಯಿಲ್ಲದೆಯೇ ಲಕ್ಷಾಂತರ ಹೆಂಗಸರನ್ನು ಸುಖವಾಗಿ ಇರಿಸಿದ್ದಾರೆ. ಏಣಿ ಮಾತ್ರ ದೇವರ ದಯೆಯಿಂದ ನಿರ್ವಂಶವಾಯಿತು.

ಆಧುನಿಕ ಕಾಲದ ಕಥೆ ಆರಂಭವಾಗುವುದು ಅಮೆರಿಕದ ಅಲಬಾಮಾ ಪ್ರಾಂತದ ಮಾಂಟ್‌ಗಾಮರಿಯಲ್ಲಿ, ಅದೂ ಕಳಂಕದೊಡನೆ. ಹೆರಿಗೆ ನಡುವೆ ನಿಂತು, ದಿನಗಟ್ಟಲೆ ಮಗುವಿನ ತಲೆ ಮೂಳೆಗೆ ಒತ್ತಿಕೊಂಡಿದ್ದರೆ ಎರಡರ ನಡುವೆ ಸಿಕ್ಕಿದ ಭಾಗಕ್ಕೆ ರಕ್ತ ಹರಿಯದೆ ಅದು ಸತ್ತು, ಕೆಲವು ದಿನಗಳಲ್ಲಿ ಕಳಚಿಬಿದ್ದು ರಂಧ್ರವಾಗುತ್ತದೆ. ಅಲ್ಲಿಂದ ಮುಂದೆ ಮೂತ್ರ ಹಗಲಿರುಳೂ ಸೋರುತ್ತದೆ. ಜೆ. ಮೇರಿಯನ್ ಸಿಮ್ಸ್ ಎಂಬ ವೈದ್ಯನು 1845ರಿಂದ 1849ರವರೆಗೆ, ಈ ಗಾಯವಿದ್ದ ಗುಲಾಮ ಹೆಂಗಸರನ್ನು ತನ್ನ ಮನೆಯ ಹಿತ್ತಿಲ ಆಸ್ಪತ್ರೆಯಲ್ಲಿರಿಸಿಕೊಂಡು ಮತ್ತೆ ಮತ್ತೆ ಶಸ್ತ್ರಕ್ರಿಯೆ ಮಾಡಿದನು. ಅವರಲ್ಲಿ ಮೂವರ ಹೆಸರು ನಮಗೆ ಉಳಿದಿದೆ: ಅನಾರ್ಕಾ, ಲೂಸಿ, ಬೆಟ್ಸಿ. ಅನಾರ್ಕಾಳ ಮೈ ಸುಮಾರು ಮೂವತ್ತು ಬಾರಿ ಅವನ ಕತ್ತರಿಗೆ ಒಡ್ಡಿಕೊಂಡಿತು. ಈಥರಿನ ಅರಿವಳಿಕೆ 1846ರಲ್ಲಿಯೇ ಲೋಕಕ್ಕೆ ತಿಳಿದಿದ್ದರೂ ಅದನ್ನು ಆಕೆಗೆ ಕೊಡಲಿಲ್ಲ. ಊರಿನ ಇತರ ವೈದ್ಯರು ಬೇಸತ್ತು ಸಹಾಯಕ್ಕೆ ಬರುವುದನ್ನು ಬಿಟ್ಟಾಗ ಈ ಹೆಂಗಸರೇ ಒಬ್ಬರ ಶಸ್ತ್ರಕ್ರಿಯೆಗೆ ಒಬ್ಬರು ಕೈಜೋಡಿಸಿದರು. ಆದ್ದರಿಂದ ಈ ಶಾಖೆಯ ಮೊದಲ ಶಿಷ್ಯರು ಯಾರೆಂದು ಕೇಳಿದರೆ ಇವರ ಹೆಸರನ್ನು ಹೇಳುವುದೇ ನ್ಯಾಯವೆಂದು ನನಗೆ ತೋರುತ್ತದೆ. ಕಡೆಗೆ ಬೆಳ್ಳಿಯ ತಂತಿಯ ಹೊಲಿಗೆ ನಿಂತಿತು, ರಂಧ್ರ ಮುಚ್ಚಿತು, 1852ರಲ್ಲಿ ಸಿಮ್ಸನ ಲೇಖನ ಅಚ್ಚಾಯಿತು, ಅವನು ನ್ಯೂಯಾರ್ಕಿಗೆ ಹೋಗಿ ಸ್ತ್ರೀಯರಿಗಾಗಿಯೇ ಆಸ್ಪತ್ರೆ ತೆರೆದು ಕೀರ್ತಿಶಾಲಿಯಾದನು. ಅವನ ಪ್ರತಿಮೆಯನ್ನು ಅಲ್ಲಿಯ ಸೆಂಟ್ರಲ್ ಪಾರ್ಕಿನಿಂದ ತೆಗೆದುದು 2018ರಲ್ಲಿ; ಆ ಮೂವರ ಪ್ರತಿಮೆಗಳು ಮಾಂಟ್‌ಗಾಮರಿಯಲ್ಲಿ ಎದ್ದುನಿಂತುದು 2021ರಲ್ಲಿ. ವಿದ್ಯೆ ಬೇಕು, ಅದು ಬಂದ ದಾರಿಯನ್ನು ಮರೆಯಬಾರದು ಎಂದು ಇಂದಿನ ಫೆಲೋಗಳಿಗೆ ಈ ಇತಿಹಾಸವನ್ನು ಮುಚ್ಚುಮರೆಯಿಲ್ಲದೆ ಪಾಠ ಹೇಳುವವರಿದ್ದಾರೆ.

ಮುಂದಿನ ನೂರು ವರ್ಷಗಳಲ್ಲಿ ಈ ವಿದ್ಯೆ ಒಬ್ಬೊಬ್ಬ ಸರ್ಜನ್ನನ ಕೈಚಳಕವಾಗಿ, ಊರಿಗೊಂದು ಬಗೆಯಾಗಿ ಬೆಳೆಯಿತು. ಮ್ಯಾಂಚೆಸ್ಟರಿನಲ್ಲಿ ಆರ್ಚಿಬಾಲ್ಡ್ ಡೊನಾಲ್ಡ್ 1888ರಲ್ಲಿ ಆರಂಭಿಸಿದ ಕ್ರಮ ಆ ಊರಿನ ಹೆಸರಿನಿಂದಲೇ ನಡೆಯುತ್ತಿದೆ. ಬಾಲ್ಟಿಮೋರಿನ ಹವರ್ಡ್ ಕೆಲಿ ಮೂತ್ರಕೋಶದ ಒಳಗನ್ನು ನೋಡುವ ಉಪಕರಣವನ್ನೂ ಸೋರಿಕೆಗೆ ಹಾಕುವ ಹೊಲಿಗೆಯನ್ನೂ ಕೊಟ್ಟನು. ಈ ಸಾಲಿನಲ್ಲಿ ಮುಂಬಯಿಯ ವಿಠ್ಠಲ ನಾಗೇಶ ಶಿರೋಡ್ಕರರ ಹೆಸರು ನಮಗೆ ವಿಶೇಷವಾದುದು. ಗೋವೆಯ ಶಿರೋಡದಲ್ಲಿ 1899ರಲ್ಲಿ ಹುಟ್ಟಿ, ಬಾಲ್ಯದ ವಿದ್ಯಾಭ್ಯಾಸವನ್ನು ನಮ್ಮ ಹುಬ್ಬಳ್ಳಿಯಲ್ಲಿ ಮಾಡಿದ ಅವರು ಬಸಿರು ನಿಲ್ಲದ ಹೆಂಗಸರಿಗೆ ಗರ್ಭಕೋಶದ ಕೊರಳಿಗೆ ಹಾಕುವ ಹೊಲಿಗೆಯಿಂದ ಜಗತ್ಪ್ರಸಿದ್ಧರಾದರು. ಇನ್ನೂ ಮಕ್ಕಳಾಗಬೇಕಾದ ಎಳೆಯ ಹೆಣ್ಣಿನ ಗರ್ಭಕೋಶ ಜಾರಿದರೆ ಅದನ್ನು ತೆಗೆಯದೆ, ಒಂದು ಪಟ್ಟಿಯಿಂದ ಬೆನ್ನುಮೂಳೆಯ ಬುಡಕ್ಕೆ ಬಿಗಿದು ನಿಲ್ಲಿಸುವ ಕ್ರಮವೂ ಅವರದೇ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಜಾರಿದೊಡನೆ ತೆಗೆಯುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಉಳಿಸಬೇಕೆಂಬ ಆ ಹಟ ದೊಡ್ಡದು. ಶಸ್ತ್ರವನ್ನೇ ಹಿಡಿಯದೆ ಉಪಕಾರ ಮಾಡಿದವನು ಲಾಸ್ ಏಂಜಲೀಸಿನ ಆರ್ನಲ್ಡ್ ಕೀಗೆಲ್. ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ಅವನು 1948ರಲ್ಲಿ ಬೋಧಿಸಿದನು. ಸೋರಿಕೆಗೆ ಇಂದಿಗೂ ಮೊದಲ ಚಿಕಿತ್ಸೆ ಅದೇ. ಆದರೆ ಬಲ್ಲವರಿಂದ ಕಲಿತು, ಕನಿಷ್ಠಪಕ್ಷ ಮೂರು ತಿಂಗಳು ಬಿಡದೆ ಮಾಡಬೇಕು.

ಇಂಥ ಚದುರಿದ ವಿದ್ಯೆಯನ್ನು ಒಂದು ಕ್ರಮಕ್ಕೆ ತಂದುದು ಈಚಿನ ನಾಲ್ಕೈದು ದಶಕಗಳ ಕೆಲಸ. ಅಮೆರಿಕದಲ್ಲಿ ಈ ವೈದ್ಯರ ಸಂಘ 1979ರಲ್ಲಿ ಹುಟ್ಟಿತು. ಪ್ರತ್ಯೇಕ ಉಪಶಾಖೆಯೆಂಬ ಮನ್ನಣೆ ದೊರೆತುದು 2011ರಲ್ಲಿ, ಮೊದಲ ಅರ್ಹತಾ ಪರೀಕ್ಷೆ ನಡೆದುದು 2013ರಲ್ಲಿ. ಅಲ್ಲಿಯ ಹುಡುಗಿಯೊಬ್ಬಳು ಈ ಪದವಿಗೆ ಬರಬೇಕಾದರೆ ಕಾಲೇಜಿನಲ್ಲಿ ನಾಲ್ಕು ವರ್ಷ, ವೈದ್ಯಕೀಯದಲ್ಲಿ ನಾಲ್ಕು ವರ್ಷ, ಪ್ರಸೂತಿ ಮತ್ತು ಸ್ತ್ರೀರೋಗದ ರೆಸಿಡೆನ್ಸಿ ಎಂಬ ಆಸ್ಪತ್ರೆಯ ತರಬೇತಿಯಲ್ಲಿ ನಾಲ್ಕು ವರ್ಷ ಕಳೆದು, ಆಮೇಲೆ ಈ ಮೂರು ವರ್ಷಗಳನ್ನು ಕೂಡಿಸಬೇಕು. ಯೂರಾಲಜಿಯ ಕಡೆಯಿಂದ ಬರುವವರಿಗೆ ಎರಡೇ ವರ್ಷ, ಏಕೆಂದರೆ ಅವರ ರೆಸಿಡೆನ್ಸಿಯೇ ದೀರ್ಘವಾದುದು. ಎರಡು ಮನೆಗಳ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಕಲಿಯುವ ಈ ಏರ್ಪಾಡಿಗೆ ಆ ಎರಡು ಶಾಖೆಗಳ ಮಂಡಳಿಗಳು ಒಪ್ಪಿದುದು ಸಾಮಾನ್ಯ ಸಂಗತಿಯಲ್ಲ. ಕುಹರವನ್ನು ಹಂಚಿಕೊಂಡಿದ್ದವರು ಪಾಲನ್ನು ಮತ್ತೆ ಒಟ್ಟುಗೂಡಿಸಿದಂತಾಯಿತು. ಸ್ಥಾನಗಳು ಕೆಲವೇ ಆದುದರಿಂದ ಸ್ಪರ್ಧೆ ಬಿರುಸಾದುದು: ಅಭ್ಯರ್ಥಿಗಳು ತಮಗೆ ಬೇಕಾದ ಆಸ್ಪತ್ರೆಗಳನ್ನೂ ಆಸ್ಪತ್ರೆಗಳು ತಮಗೆ ಬೇಕಾದ ಅಭ್ಯರ್ಥಿಗಳನ್ನೂ ಅನುಕ್ರಮವಾಗಿ ಬರೆದುಕೊಟ್ಟು, ಯಾರು ಎಲ್ಲಿಗೆಂಬುದನ್ನು ಗಣಕಯಂತ್ರ ಹೊಂದಿಸುತ್ತದೆ. ಇಂಗ್ಲೆಂಡಿನಲ್ಲಿಯೂ ಆಸ್ಟ್ರೇಲಿಯಾದಲ್ಲಿಯೂ ಅಲ್ಲಿಯ ರಾಯಲ್ ಕಾಲೇಜುಗಳ ಆಶ್ರಯದಲ್ಲಿ ಇಂಥ ಶಿಕ್ಷಣವಿದೆ.

ಫೆಲೋಷಿಪ್ಪಿಗೆ ಸೇರಿದ ಮೇಲೆ ಕಲಿಯುವ ಮೊದಲ ವಿದ್ಯೆ ಕೇಳುವುದು. ನಮ್ಮ ಕಡೆಯ ಒಂದು ಓ.ಪಿ.ಡಿ.ಯಲ್ಲಿ ನಡೆಯಬಹುದಾದ ಮಾತನ್ನೇ ತೆಗೆದುಕೊಳ್ಳೋಣ. “ಮೂತ್ರದ ತೊಂದರೆ ಏನಾದರೂ ಇದೆಯೇನಮ್ಮ?” ಎಂದು ಕೇಳಿದರೆ “ಅಂಥಾದ್ದೇನಿಲ್ಲ ಕಣವ್ವ, ವಯಸ್ಸಾಯ್ತಲ್ಲ” ಎಂಬ ಉತ್ತರ ಬರುತ್ತದೆ. “ಮದುವೆ ಮನೆಗೆ ಹೋದರೆ ಮೊದಲು ಬಚ್ಚಲು ಎಲ್ಲಿದೆ ಅಂತ ನೋಡಿಕೊಳ್ಳುತ್ತೀರಾ? ದೂರದ ಬಸ್ಸು ಹತ್ತುವಾಗ ನೀರು ಕುಡಿಯುವುದನ್ನು ಬಿಡುತ್ತೀರಾ?” ಎಂದು ಕೇಳಿದರೆ ಆಗ ಕಥೆ ಹೊರಬೀಳುತ್ತದೆ. ಸೋರುವುದು ಕೆಮ್ಮಿದಾಗಲೋ, ಬಚ್ಚಲಿಗೆ ಓಡುವಷ್ಟರಲ್ಲಿಯೋ, ಎರಡರಲ್ಲಿಯೋ ಎಂಬುದನ್ನು ಬಿಡಿಸಿ ತಿಳಿಯಬೇಕು. ಏಕೆಂದರೆ ಮೊದಲನೆಯದಕ್ಕೆ ಶಸ್ತ್ರಕ್ರಿಯೆ ಗುಣ ಕೊಡುತ್ತದೆ, ಎರಡನೆಯದಕ್ಕೆ ಅದೇ ಶಸ್ತ್ರಕ್ರಿಯೆ ಹಾನಿ ಮಾಡಬಹುದು. ಅನುಮಾನವಿದ್ದಲ್ಲಿ ಮೂತ್ರಕೋಶಕ್ಕೆ ಸಣ್ಣ ಕೊಳವೆಯನ್ನಿಳಿಸಿ, ನಿಧಾನವಾಗಿ ನೀರು ತುಂಬುತ್ತ, ಕೆಮ್ಮಿಸುತ್ತ, ಒಳಗಿನ ಒತ್ತಡ ಏರಿಳಿಯುವುದನ್ನು ಯಂತ್ರದಲ್ಲಿ ಗೆರೆಯಾಗಿ ನೋಡುತ್ತಾರೆ. ಆ ಗೆರೆಯನ್ನು ಓದಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಜಾರಿದುದನ್ನು ಅಳೆಯುವುದಕ್ಕೂ 1996ರಿಂದ ಒಂದು ಕ್ರಮವಿದೆ: ಯೋನಿಯ ದ್ವಾರವನ್ನು ಗಡಿಯೆಂದಿಟ್ಟುಕೊಂಡು ಒಂಬತ್ತು ಅಳತೆಗಳನ್ನು ಸೆಂಟಿಮೀಟರಿನಲ್ಲಿ ಬರೆಯುತ್ತಾರೆ. “ಸ್ವಲ್ಪ ಜಾರಿದೆ”, “ಬಹಳ ಜಾರಿದೆ” ಎಂಬ ಹಳೆಯ ಭಾಷೆ ಇದರಿಂದ ಕೊನೆಗೊಂಡು, ಒಬ್ಬರ ಫಲವನ್ನು ಇನ್ನೊಬ್ಬರ ಫಲದೊಡನೆ ಹೋಲಿಸುವುದು ಸಾಧ್ಯವಾಯಿತು.

ಶಸ್ತ್ರಶಾಲೆಯಲ್ಲಿ ಅವರು ಕಲಿಯುವುದರಲ್ಲಿ ಒಂದೆರಡನ್ನು ಹತ್ತಿರದಿಂದ ನೋಡಬಹುದು. ಮೂತ್ರಪಿಂಡದಿಂದ ಇಳಿದುಬರುವ ಮೂತ್ರನಾಳ ಗರ್ಭಕೋಶದ ಕೊರಳಿನಿಂದ ಎರಡು ಸೆಂಟಿಮೀಟರಿಗಿಂತ ದೂರವಿಲ್ಲದೆ, ಗರ್ಭಕೋಶದ ರಕ್ತನಾಳದ ಅಡಿಯಲ್ಲಿ ನುಸುಳಿ ಹೋಗುತ್ತದೆ. ಜಾರಿದ ಯೋನಿಯನ್ನು ಹಿಂದಿನ ಬಂಧನಿಗಳಿಗೆ ಹೊಲಿದು ಎತ್ತುವಾಗ ಹೊಲಿಗೆ ನಾಳವನ್ನು ಚುಚ್ಚದಿದ್ದರೂ ಬದಿಯ ಭಾಗವನ್ನು ಎಳೆದು ಅದನ್ನು ಮಡಿಸಿಬಿಡಬಹುದು; ಮಡಿಸಿದರೆ ಮೂತ್ರಪಿಂಡವೇ ಕೆಡುತ್ತದೆ. ಆದ್ದರಿಂದ ಹೊಲಿಗೆಗಳನ್ನು ಬಿಗಿದ ಮೇಲೆ, ಮೇಜಿನಿಂದ ಇಳಿಸುವ ಮೊದಲು, ಮೂತ್ರಕೋಶದೊಳಗೆ ದುರ್ಬೀನನ್ನಿಳಿಸಿ ಎರಡು ನಾಳಗಳ ಬಾಯಿಗಳನ್ನೂ ನೋಡುತ್ತ ಕಾಯುತ್ತಾರೆ. ಮುಂಚಿತವಾಗಿ ಕೊಟ್ಟ ಬಣ್ಣದಿಂದ ಹಳದಿಯಾದ ಮೂತ್ರ ಎಡಗಡೆ ಚಿಮ್ಮಿತು, ಸರಿ, ಬಲಗಡೆ? ಒಂದು ನಿಮಿಷ, ಎರಡು ನಿಮಿಷ, ಐದು ನಿಮಿಷ. ಅರಿವಳಿಕೆಯ ವೈದ್ಯರು ಗಡಿಯಾರ ನೋಡುತ್ತಿರುತ್ತಾರೆ. ಚಿಮ್ಮದಿದ್ದರೆ ಒಂದು ಗಂಟೆಯ ಶ್ರಮದಿಂದ ಹಾಕಿದ ಹೊಲಿಗೆಯನ್ನು ಫೆಲೋ ತನ್ನ ಕೈಯಿಂದಲೇ ಬಿಚ್ಚಬೇಕು. ಇನ್ನೊಂದು: ಹತೋಟಿ ತಪ್ಪಿದ ಮೂತ್ರಕೋಶಕ್ಕೆ ಬೆನ್ನಿನ ಬುಡದ ತ್ರಿಕಾಸ್ಥಿಯ ಮೂರನೆಯ ರಂಧ್ರದ ಮೂಲಕ ಒಂದು ತಂತಿಯನ್ನು ನರದ ಪಕ್ಕದಲ್ಲಿರಿಸಿ ಸಣ್ಣ ವಿದ್ಯುತ್ತನ್ನು ಹಾಯಿಸುವ ಚಿಕಿತ್ಸೆಯಿದೆ. ತಂತಿ ಸರಿಯಾದ ಜಾಗದಲ್ಲಿ ಕುಳಿತಿತೆಂಬುದಕ್ಕೆ ಸಾಕ್ಷಿ ರೋಗಿಯ ಕಾಲಿನ ಹೆಬ್ಬೆರಳು. ಅದು ಬಾಗಿತೆಂದರೆ ನರ ಸಿಕ್ಕಿತು. ಮೂತ್ರಕೋಶದ ವೈದ್ಯರು ಪಾದದ ಮೇಲಿನ ಬಟ್ಟೆಯನ್ನು ಸರಿಸಿ ಬೆರಳನ್ನು ದಿಟ್ಟಿಸುತ್ತಿರುವ ಆ ದೃಶ್ಯ ಹೊಸಬರಿಗೆ ವಿಚಿತ್ರವಾಗಿ ಕಾಣುತ್ತದೆ.

ಆದರೆ ಕೈಯ ಕೆಲಸ ಈ ಶಿಕ್ಷಣದ ಅರ್ಧ ಮಾತ್ರ. ಎಂಬತ್ತು ವರ್ಷದ ವಿಧವೆಗೆ, ಹೃದಯ ದುರ್ಬಲವಾದವಳಿಗೆ, ನಾಲ್ಕು ಗಂಟೆಯ ದೊಡ್ಡ ಶಸ್ತ್ರಕ್ರಿಯೆ ಬೇಡ. ಒಂದು ಪೆಸರಿ ಸಾಕು, ಅಥವಾ ಯೋನಿಯನ್ನೇ ಹೊಲಿದು ಮುಚ್ಚುವ, ಫ್ರಾನ್ಸಿನ ಲೆಫೋರ್ 1877ರಲ್ಲಿ ತೋರಿಸಿದ ಸಣ್ಣ ಶಸ್ತ್ರಕ್ರಿಯೆ ಸಾಕು. ನಲವತ್ತರ ಗೃಹಿಣಿಗೆ ಅದೇ ಉಪಾಯ ಅನ್ಯಾಯವಾಗುತ್ತದೆ. ಜಾರಿದ್ದರೂ ಯಾವ ತೊಂದರೆಯೂ ಇಲ್ಲದವಳಿಗೆ ಏನನ್ನೂ ಮಾಡದೆ ಧೈರ್ಯ ಹೇಳಿ ಕಳುಹಿಸಬೇಕು. ಹೀಗೆ ಯಾರಿಗೆ ಏನು ಬೇಕು, ಯಾರಿಗೆ ಏನು ಬೇಡ ಎಂಬ ವಿವೇಚನೆ ಪುಸ್ತಕದಿಂದ ಬರುವುದಿಲ್ಲ. ಗುರುವಿನ ಪಕ್ಕದಲ್ಲಿ ನಿಂತು, ಅದೇ ರೋಗಿಯನ್ನು ಆರು ತಿಂಗಳ ಮೇಲೆ, ವರ್ಷದ ಮೇಲೆ ಮತ್ತೆ ನೋಡಿದಾಗ ಬರುತ್ತದೆ. ಮೂರು ವರ್ಷಗಳಲ್ಲಿ ಒಂದು ದೊಡ್ಡ ಭಾಗವನ್ನು ಸಂಶೋಧನೆಗೆ ಮೀಸಲಿಟ್ಟು ಒಂದು ಪ್ರಬಂಧವನ್ನು ಬರೆಯಿಸುವುದೂ ಇದಕ್ಕಾಗಿಯೇ. ಯೋನಿಯ ಮೇಲ್ತುದಿಯನ್ನು ಎತ್ತಿ ಕಟ್ಟುವ ಎರಡು ಪ್ರಸಿದ್ಧ ಕ್ರಮಗಳನ್ನು ಅಮೆರಿಕದ ಹಲವು ಆಸ್ಪತ್ರೆಗಳು ಕೂಡಿ ಪರೀಕ್ಷಿಸಿದುವು. ಎರಡು ವರ್ಷಗಳ ಕೊನೆಗೆ ಎರಡೂ ಸಮಾನವೆಂದು 2014ರಲ್ಲಿ ಪ್ರಕಟವಾಯಿತು. ಅವರು ಅಲ್ಲಿಗೆ ನಿಲ್ಲಿಸದೆ ಅದೇ ಹೆಂಗಸರನ್ನು ಐದು ವರ್ಷದವರೆಗೆ ಹಿಂಬಾಲಿಸಿದರು. ಕಟ್ಟುನಿಟ್ಟಾದ ಅಳತೆಗೋಲಿನಿಂದ ಅಳೆದಾಗ ಒಂದು ಕ್ರಮದಲ್ಲಿ ಶೇಕಡಾ 61.5, ಇನ್ನೊಂದರಲ್ಲಿ ಶೇಕಡಾ 70.3 ಅಸಫಲವೆಂದು 2018ರಲ್ಲಿ ತಿಳಿಯಿತು. ಆದರೂ ಹೆಂಗಸರು ತಮ್ಮ ತೊಂದರೆ ಮೊದಲಿಗಿಂತ ಎಷ್ಟೋ ಕಡಮೆಯೆಂದೇ ಹೇಳಿದರು. ಸಫಲತೆಯನ್ನು ಸೆಂಟಿಮೀಟರಿನಿಂದ ಅಳೆಯಬೇಕೋ ಹೆಂಗಸಿನ ಮಾತಿನಿಂದ ಅಳೆಯಬೇಕೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನನ್ನ ಒಲವು ಹೆಂಗಸಿನ ಮಾತಿನ ಕಡೆಗೆ.

ಈ ತಾಳ್ಮೆಯಿಲ್ಲದೆ ಹೋದರೆ ಏನಾಗುತ್ತದೆಂಬುದಕ್ಕೆ ಮೆಶ್ ಎಂಬ ಜಾಲರಿಯ ಪ್ರಕರಣ ಸಾಕು. ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ 1996ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಪಾಲಿಪ್ರೊಪಿಲೀನಿನ ಒಂದು ಕಿರಿದಾದ ಪಟ್ಟಿಯನ್ನು ಮೂತ್ರದ್ವಾರದ ನಾಳದ ಕೆಳಗೆ ಇರಿಸಿದರೆ ಕೆಮ್ಮಿದಾಗಿನ ಸೋರಿಕೆ ಅರ್ಧ ಗಂಟೆಯ ಶಸ್ತ್ರಕ್ರಿಯೆಯಿಂದ ನಿಲ್ಲುತ್ತಿದ್ದಿತು. ಅದರ ಯಶಸ್ಸನ್ನು ಕಂಡ ಕಂಪೆನಿಗಳು, ಕಿರಿದಾದ ಪಟ್ಟಿ ಒಳ್ಳೆಯದಾದರೆ ಅಗಲವಾದ ಜಾಲರಿ ಇನ್ನೂ ಒಳ್ಳೆಯದಿರಬೇಕೆಂದು ಎಣಿಸಿ, ಜಾರಿದ ಅಂಗಗಳನ್ನೆತ್ತಲು ಯೋನಿಯ ಮೂಲಕ ಸೇರಿಸುವ ಜಾಲರಿಗಳನ್ನು ಉಪಕರಣಗಳ ಸಮೇತ ಪೆಟ್ಟಿಗೆಯಲ್ಲಿಟ್ಟು ಮಾರಿದುವು. ದೀರ್ಘಕಾಲದ ಪರೀಕ್ಷೆಯಿರಲಿಲ್ಲ; ವಾರಾಂತ್ಯದ ಶಿಬಿರದಲ್ಲಿ ಕಲಿತವರೂ ಅದನ್ನು ಹಾಕಿದರು. ಕೆಲವು ವರ್ಷಗಳಲ್ಲಿ ಜಾಲರಿ ಯೋನಿಯ ಗೋಡೆಯನ್ನು ಕೊರೆದು ಹೊರಬಂದ, ಕೂರಲಾರದಷ್ಟು ನೋವು ತಂದ, ದಾಂಪತ್ಯವನ್ನು ಕೆಡಿಸಿದ ದೂರುಗಳು ಸಾವಿರಗಟ್ಟಲೆ ಬಂದುವು. ಮೈಯೊಡನೆ ಬೆಸೆದುಕೊಂಡ ಅದನ್ನು ಪೂರ್ತಿಯಾಗಿ ತೆಗೆಯುವುದೂ ದುಸ್ಸಾಧ್ಯವಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಒಮ್ಮೆ, 2011ರಲ್ಲಿ ಮತ್ತೊಮ್ಮೆ ಎಚ್ಚರಿಸಿ, ಕೊನೆಗೆ 2019ರ ಏಪ್ರಿಲಿನಲ್ಲಿ ಅಂಥ ಜಾಲರಿಯ ಮಾರಾಟವನ್ನೇ ನಿಲ್ಲಿಸಿತು. ಇಂಗ್ಲೆಂಡು ಒಂದು ವರ್ಷ ಮುಂಚೆಯೇ ತಡೆದಿತ್ತು, ಅಲ್ಲಿಯ ವಿಚಾರಣಾ ವರದಿ 2020ರಲ್ಲಿ ಹೊರಬಂದಿತು. ಹೆಂಗಸರು ನೋವೆಂದು ಹೇಳಿದಾಗ ವೈದ್ಯರು ವರ್ಷಗಟ್ಟಲೆ ನಂಬಲಿಲ್ಲವೆಂಬುದು ಆ ವರದಿಯಲ್ಲಿ ಓದಲು ಅತ್ಯಂತ ಕಷ್ಟವಾದ ಭಾಗ. ಇಂದಿನ ಫೆಲೋಗಳು ಜಾಲರಿಯನ್ನು ಹಾಕುವುದಕ್ಕಿಂತ ಹೆಚ್ಚಿನ ಶ್ರದ್ಧೆಯಿಂದ ಅದನ್ನು ತೆಗೆಯುವುದನ್ನು ಕಲಿಯುತ್ತಾರೆ.

ಬಡ ದೇಶಗಳಲ್ಲಿ ಈ ಶಿಕ್ಷಣದ ರೂಪವೇ ಬೇರೆ. ಅಲ್ಲಿ ಹೆರಿಗೆಯ ರಂಧ್ರ ಇನ್ನೂ ಇತಿಹಾಸವಾಗಿಲ್ಲ. ಚಿಕಿತ್ಸೆಯಿಲ್ಲದೆ ಅದರೊಡನೆ ಬದುಕುತ್ತಿರುವವರು ಏಷ್ಯಾ ಮತ್ತು ಆಫ್ರಿಕಾಗಳಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಆಸ್ಟ್ರೇಲಿಯಾದ ಕ್ಯಾಥರೀನ್ ಹ್ಯಾಮ್ಲಿನ್ ಮತ್ತು ಆಕೆಯ ಪತಿ ರೆಜಿನಾಲ್ಡ್ 1959ರಲ್ಲಿ ಇಥಿಯೋಪಿಯಾಕ್ಕೆ ಬಂದು, 1974ರಲ್ಲಿ ಅಡಿಸ್ ಅಬಾಬಾದಲ್ಲಿ ಈ ರೋಗಿಗಳಿಗಾಗಿಯೇ ಆಸ್ಪತ್ರೆಯನ್ನು ಸ್ಥಾಪಿಸಿದರು. ಅವರ ಬಳಿಗೆ ರಂಧ್ರದ ವ್ಯಾಧಿಯಿಂದ ಬಂದ ಮಮಿತು ಗಾಶೆ ಎಂಬ ಹಳ್ಳಿಯ ಹುಡುಗಿ ಅಲ್ಲಿಯೇ ನಿಂತು, ಮೊದಲು ಹಾಸಿಗೆ ಸರಿಪಡಿಸುತ್ತ, ಬಳಿಕ ಶಸ್ತ್ರಶಾಲೆಯಲ್ಲಿ ಉಪಕರಣ ಕೊಡುತ್ತ, ಕಡೆಗೆ ತಾನೇ ಕೈಯಿಟ್ಟು ರಂಧ್ರ ಹೊಲಿಯುವ ಸರ್ಜನ್ ಆದಳು. ಶಾಲೆಯ ಮೆಟ್ಟಿಲು ಹತ್ತದ ಆಕೆಯ ಬಳಿ ಪದವೀಧರರಾದ ಸರ್ಜನ್ನರು ಬಂದು ಕಲಿತು ಹೋದರು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಹ್ಯಾಮ್ಲಿನ್ ದಂಪತಿಗಳೊಡನೆ ಆಕೆಯನ್ನೂ 1989ರಲ್ಲಿ ಚಿನ್ನದ ಪದಕದಿಂದ ಗೌರವಿಸಿತು. ಈಚಿನ ವರ್ಷಗಳಲ್ಲಿ ಅದೇ ದೇಶದ ಮೆಕೆಲೆ ವಿಶ್ವವಿದ್ಯಾಲಯ ತನ್ನದೇ ಯೂರೋಗೈನಕಾಲಜಿ ಫೆಲೋಷಿಪ್ಪನ್ನು ಆರಂಭಿಸಿದೆ.

ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ಐದೂವರೆ ವರ್ಷ, ಸ್ತ್ರೀರೋಗದ ಎಂ.ಡಿ. ಅಥವಾ ಎಂ.ಎಸ್. ಮೂರು ವರ್ಷ, ಆಮೇಲೆ ಆಸಕ್ತಿಯಿದ್ದವರು ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ದೊರೆಯುವ ಅಲ್ಪಾವಧಿಯ ಫೆಲೋಷಿಪ್ಪನ್ನೋ ವಿದೇಶದ ತರಬೇತಿಯನ್ನೋ ಹುಡುಕಿಕೊಳ್ಳಬೇಕು. ಪೂರ್ಣ ಶಿಕ್ಷಣ ಪಡೆದವರ ಸಂಖ್ಯೆ ನಮ್ಮ ಜನಸಂಖ್ಯೆಗೆ ಏನೇನೂ ಸಾಲದು, ಅವರಲ್ಲಿ ಹೆಚ್ಚಿನವರು ದೊಡ್ಡ ನಗರಗಳಲ್ಲಿದ್ದಾರೆ. ಎಲ್ಲ ತಾಲ್ಲೂಕಿಗೂ ಒಬ್ಬ ತಜ್ಞರು ಬರುವವರೆಗೆ ಕಾಯುವುದಾದರೆ ಇಂದಿನ ಹೆಂಗಸರ ಕಾಲ ಮುಗಿದುಹೋಗುತ್ತದೆ. ಆದರೆ ಈ ವಿದ್ಯೆಯ ಹಲವು ಅಂಶಗಳಿಗೆ ಮೂರು ವರ್ಷ ಬೇಕಿಲ್ಲ. ಪೆಸರಿಯ ಅಳತೆ ನೋಡಿ ಹಾಕುವುದನ್ನೂ ಅದನ್ನು ತೆಗೆದು ತೊಳೆದು ಮತ್ತೆ ಇರಿಸಿಕೊಳ್ಳುವುದನ್ನು ರೋಗಿಗೆ ಕಲಿಸುವುದನ್ನೂ ಒಬ್ಬ ನರ್ಸ್ ಕಲಿಯಬಲ್ಲಳು. ಸ್ನಾಯುಗಳ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹೇಳಿಕೊಡಬಲ್ಲರು. ಹೆರಿಗೆಯಾದ ಕೂಡಲೆ ಗುದದ್ವಾರದ ಸ್ನಾಯು ಹರಿದಿದೆಯೇ ಎಂದು ಬೆರಳಿನಿಂದ ಪರೀಕ್ಷಿಸಿ ಸರಿಯಾಗಿ ಹೊಲಿಯುವುದನ್ನು, ಹಂದಿಯ ಮಾಂಸದ ಮಾದರಿಯ ಮೇಲೆ ಅಭ್ಯಾಸ ಮಾಡಿಸಿ, ಹೆರಿಗೆ ಮಾಡಿಸುವ ಎಲ್ಲರಿಗೂ ಕಲಿಸುವ ಕ್ರಮ ಇಂಗ್ಲೆಂಡಿನಲ್ಲಿ ಬಹಳ ವರ್ಷಗಳಿಂದ ನಡೆದಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಯುವ ವೈದ್ಯರು, ತೆಗೆದ ಮೇಲೆ ಯೋನಿಯ ಮೇಲ್ತುದಿಯನ್ನು ಬಂಧನಿಗಳಿಗೆ ಸೇರಿಸಿ ಹೊಲಿಯುವ ಇನ್ನೊಂದು ಕಾಲು ಗಂಟೆಯ ಕೆಲಸವನ್ನು ಕಡ್ಡಾಯವಾಗಿ ಮಾಡುವುದು ಸಾಧ್ಯ. ಗರ್ಭಕೋಶ ತೆಗೆಸಬೇಕೆಂದು ಚೀಟಿ ಬರೆಸಿಕೊಂಡು ಬಂದ ಹೆಂಗಸಿನ ಮನೆಯವರೂ ಒಪ್ಪಿಗೆಗೆ ಸಹಿ ಹಾಕುವ ಮೊದಲು ವೈದ್ಯರನ್ನು ಕೇಳಬೇಕಾದುದಿದೆ: ತೆಗೆದ ಮೇಲೆ ಯಾವುದಕ್ಕೆ ಕಟ್ಟುತ್ತೀರಿ, ಪೆಸರಿ ಹಾಕಿ ನೋಡಬಾರದೇ, ವರ್ಷದ ಮೇಲೆ ಮತ್ತೆ ಯಾರನ್ನು ಬಂದು ಕಾಣಬೇಕು.